ನಿಯಂತ್ರಕ ಟಿ ಕೋಶಗಳ ಸ್ಥಿರತೆ

ನಿಯಂತ್ರಕ ಟಿ ಕೋಶಗಳು ಬಿಳಿ ರಕ್ತಕಣಗಳ ಒಂದು ಬಗೆ. ರೋಗನಿರೋಧಕ ವ್ಯವಸ್ಥೆಯು ದೇಹದ ಸ್ವಂತ ಅಂಗಾಂಶಗಳ ಮೇಲೆ ದಾಳಿ ಮಾಡದಂತೆ ಇವು ತಡೆಯುತ್ತವೆ. ಜಪಾನಿನ ವಿಜ್ಞಾನಿ ಶಿಮೊನ್ ಸಕಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. ಅನೇಕ ಬಾರಿ ವಿಭಜನೆಗೊಂಡರೂ ಈ ಕೋಶಗಳು ತಮ್ಮ ಶಮನಕಾರಿ ಗುಣವನ್ನು ಉಳಿಸಿಕೊಳ್ಳುವುದನ್ನು ಸ್ಥಿರತೆ ಎನ್ನಲಾಗುತ್ತದೆ. ಇವುಗಳಲ್ಲಿ ಹಲವು ಕೋಶಗಳ ಗ್ರಾಹಕಗಳು ದೇಹದ ಸ್ವಂತ ಅಂಶಗಳನ್ನೇ ಗುರುತಿಸುವುದರಿಂದ, ಆ ಗುಣ ಕಳೆದುಹೋದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಫಾಕ್ಸ್‌ಪಿ3 ವಂಶವಾಹಿ

ಈ ಗುಣದ ಮೂಲ ಎಕ್ಸ್ ವರ್ಣತಂತುವಿನಲ್ಲಿರುವ ಫಾಕ್ಸ್‌ಪಿ3 ಎಂಬ ವಂಶವಾಹಿ. ಇದರಿಂದ ತಯಾರಾಗುವ ಪ್ರೋಟೀನು ಇತರ ಅನೇಕ ವಂಶವಾಹಿಗಳ ಕೆಲಸವನ್ನು ಆರಂಭಿಸುತ್ತದೆ ಅಥವಾ ತಡೆಹಿಡಿಯುತ್ತದೆ. ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ರೋಗಪೀಡಿತ ಇಲಿಗಳಲ್ಲಿ ಇದರ ದೋಷವನ್ನು ಪತ್ತೆಹಚ್ಚಿದರು. ಮನುಷ್ಯರಲ್ಲಿ ಇದೇ ದೋಷವು ಐಪೆಕ್ಸ್ ಎಂಬ ಅಪರೂಪದ ಕಾಯಿಲೆಗೆ ಕಾರಣ. ಗಂಡು ಶಿಶುಗಳಲ್ಲಿ ತೀವ್ರ ಅತಿಸಾರ, ಮಧುಮೇಹ ಹಾಗೂ ಚರ್ಮದ ಉರಿಯೂತ ಕಾಣಿಸಿಕೊಳ್ಳುತ್ತವೆ. ಬ್ರಂಕೋ, ರಾಮ್ಸ್‌ಡೆಲ್ ಮತ್ತು ಸಕಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಸ್ಥಿರತೆಯ ಕಾರ್ಯವಿಧಾನ

ಫಾಕ್ಸ್‌ಪಿ3 ಒಮ್ಮೆ ಚಾಲನೆಗೊಂಡರೆ ಸಾಲದು, ಅದು ಚಾಲನೆಯಲ್ಲೇ ಉಳಿಯಬೇಕು. ವಂಶವಾಹಿಯೊಳಗಿನ ಸಿಎನ್‌ಎಸ್2 ಎಂಬ ನಿಯಂತ್ರಕ ಭಾಗವು ಈ ಕೆಲಸ ಮಾಡುತ್ತದೆ. ಸಾಮಾನ್ಯ ಟಿ ಕೋಶಗಳಲ್ಲಿ ಈ ಭಾಗದ ಡಿಎನ್‌ಎಗೆ ಮೀಥೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಥೈಮಸ್ ಗ್ರಂಥಿಯಲ್ಲಿ ರೂಪುಗೊಳ್ಳುವ ನಿಯಂತ್ರಕ ಕೋಶಗಳಲ್ಲಿ ಟೆಟ್ ಕಿಣ್ವಗಳ ಕ್ರಿಯೆಯಿಂದ ಅವು ತೆರವಾಗುತ್ತವೆ. ಆಗ ಸ್ಟ್ಯಾಟ್5, ರಂಕ್ಸ್1 ಮುಂತಾದ ಪ್ರೋಟೀನುಗಳಿಗೂ ಸ್ವತಃ ಫಾಕ್ಸ್‌ಪಿ3 ಪ್ರೋಟೀನಿಗೂ ಅಲ್ಲಿ ನೆಲೆ ದೊರೆಯುತ್ತದೆ. ತೆರವಾದ ಈ ಸ್ಥಿತಿಯು ಮರಿಕೋಶಗಳಿಗೂ ದಾಟುತ್ತದೆ. ಸಿಎನ್‌ಎಸ್2 ಇಲ್ಲದ ಇಲಿಗಳಲ್ಲಿ ನಿಯಂತ್ರಕ ಕೋಶಗಳು ಹುಟ್ಟುತ್ತವೆ, ಆದರೆ ವಿಭಜನೆಗೊಳ್ಳುತ್ತಾ ಫಾಕ್ಸ್‌ಪಿ3 ಅನ್ನು ಕಳೆದುಕೊಳ್ಳುತ್ತವೆ.

ಚಿಕಿತ್ಸೆಗಾಗಿ ಕೋಶಗಳನ್ನು ಬೆಳೆಸುವವರಿಗೆ ಇದೇ ದೊಡ್ಡ ತೊಡಕು. ಟಿಜಿಎಫ್-ಬೀಟಾ ಬಳಸಿ ಪ್ರಯೋಗಾಲಯದಲ್ಲಿ ತಯಾರಿಸಿದ ಕೋಶಗಳಲ್ಲಿ ಮೀಥೈಲ್ ಗುಂಪುಗಳು ಬಹುಪಾಲು ಉಳಿದುಬಿಡುವುದರಿಂದ ಅವು ಅಸ್ಥಿರವಾಗಿರುತ್ತವೆ. ಟೆಟ್ ಕಿಣ್ವಗಳನ್ನು ಚುರುಕುಗೊಳಿಸುವ ಸಿ ಜೀವಸತ್ವವನ್ನು ಸೇರಿಸಿದಾಗ ಸ್ಥಿರತೆ ಹೆಚ್ಚುವುದು ಕಂಡುಬಂದಿದೆ. ಮನುಷ್ಯರ ಸಾಮಾನ್ಯ ಟಿ ಕೋಶಗಳೂ ಉದ್ರೇಕಗೊಂಡಾಗ ಅಲ್ಪಕಾಲ ಫಾಕ್ಸ್‌ಪಿ3 ಅನ್ನು ತಯಾರಿಸುತ್ತವೆ. ಹೀಗಾಗಿ ಆ ಪ್ರೋಟೀನು ಕಂಡ ಮಾತ್ರಕ್ಕೆ ಅದು ನಿಯಂತ್ರಕ ಕೋಶವೆನ್ನಲಾಗದು. ಸಿಎನ್‌ಎಸ್2 ಭಾಗದ ಮೀಥೈಲ್ ಸ್ಥಿತಿಯನ್ನು ಪರೀಕ್ಷಿಸುವುದು ಹೆಚ್ಚು ವಿಶ್ವಾಸಾರ್ಹ.

ಬೆಂಗಳೂರಿನ ಸಂಶೋಧನೆ

ಗುಣ ಉಳಿಯಬೇಕಾದರೆ ಮೊದಲು ಕೋಶ ಬದುಕಿರಬೇಕು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಅಪೂರ್ವಾ ಸರಿನ್ ಅವರ ತಂಡವು ಈ ವಿಷಯವನ್ನು ಅಧ್ಯಯನ ಮಾಡಿದೆ. ನಾಚ್1 ಪ್ರೋಟೀನಿನ ಕ್ರಿಯಾಶೀಲ ಭಾಗವು ಸಾಮಾನ್ಯವಾಗಿ ಕೋಶಕೇಂದ್ರವನ್ನು ಸೇರಿ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ನಿಯಂತ್ರಕ ಟಿ ಕೋಶಗಳಲ್ಲಿ ಅದು ಕೋಶಕೇಂದ್ರದ ಹೊರಗೇ ಇದ್ದು ಕೋಶವನ್ನು ಸಾವಿನಿಂದ ರಕ್ಷಿಸುತ್ತದೆ ಎಂದು ತಂಡವು 2012ರಲ್ಲಿ ತೋರಿಸಿತು. ನಾಚ್1 ನಿಯಂತ್ರಿಸುವ ಸ್ವಭಕ್ಷಣೆ, ಅಂದರೆ ಕೋಶವು ತನ್ನ ಸವೆದ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆ, ಇಲಿಗಳ ಈ ಕೋಶಗಳ ಉಳಿವಿಗೂ ಶಮನಶಕ್ತಿಗೂ ಅಗತ್ಯವೆಂದು 2016ರಲ್ಲಿ ವರದಿ ಮಾಡಿತು.