ಪುಕ್ಕಟೆ ತಂತ್ರಾಂಶಕ್ಕೆ ಟೆಂಡರು ಹಾಕುವವರಾರು?

ಕೊಣಾಜೆಯ ಮಂಗಳಗಂಗೋತ್ರಿಯಿಂದ ತಲಪಾಡಿಯ ಗಡಿ ಬಹಳ ದೂರವೇನಲ್ಲ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಪ್ರೌಢಶಾಲೆಯಲ್ಲೇ ಲಿನಕ್ಸ್ ಬಲ್ಲರು. 2001ರಲ್ಲಿ ಆರಂಭವಾದ ಕೇರಳದ 'ಐಟಿ ಅಟ್ ಸ್ಕೂಲ್' ಯೋಜನೆ ಆ ದಶಕದಲ್ಲೇ ಮುಕ್ತ ತಂತ್ರಾಂಶಕ್ಕೆ ಹೊರಳಿತ್ತು. ಆ ಮಕ್ಕಳಲ್ಲಿ ಅನೇಕರು ಪದವಿಗೆಂದು ಮಂಗಳೂರಿಗೆ ಬರುತ್ತಾರೆ. ಶಾಲೆಗಳಿಗೆ ಸಾಧ್ಯವಾದದ್ದು ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಏಕೆ ಕಷ್ಟ?

ಗುಣಮಟ್ಟ ಸಾಲದು ಎಂಬ ವಾದ ನಿಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ಸಂಶೋಧನಾ ಲೇಖನಗಳ ಭಂಡಾರವನ್ನು 'ಇಪ್ರಿಂಟ್ಸ್' ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿತು. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಕೂಡಿಡುವ 'ಶೋಧಗಂಗಾ' ನಿಂತಿರುವುದೂ 'ಡಿಸ್ಪೇಸ್' ಎಂಬ ಮುಕ್ತ ತಂತ್ರಾಂಶದ ಮೇಲೆಯೇ.

ಸೇವೆಯಲ್ಲಿದ್ದಾಗ ನಾನು ಹಲವು ಖರೀದಿ ಸಮಿತಿಗಳಲ್ಲಿ ಕುಳಿತಿದ್ದೇನೆ. ಒಮ್ಮೆ ಗ್ರಂಥಪಾಲಕರೊಬ್ಬರು 'ಕೊಹಾ' ಅಳವಡಿಸುವ ಪ್ರಸ್ತಾವ ತಂದರು. 2000ರಲ್ಲಿ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂದ ಗ್ರಂಥಾಲಯ ತಂತ್ರಾಂಶವಿದು. ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ಕೊಡುಗೆ ಎಂದೇ ಅರ್ಥ. ತಂತ್ರಾಂಶದ ಬೆಲೆ ಶೂನ್ಯ; ತರಬೇತಿಗೆ, ಒಬ್ಬ ತಂತ್ರಜ್ಞನ ಸಂಬಳಕ್ಕೆ ಹಣ ಬೇಕಿತ್ತು. ಬೆಲೆಯೇ ಇಲ್ಲದ್ದಕ್ಕೆ ಮೂರು ದರಪಟ್ಟಿ ಎಲ್ಲಿಂದ ತರುವುದು ಎಂದು ಲೆಕ್ಕಪತ್ರ ವಿಭಾಗ ಕೇಳಿತು. ಕಡತ ಹಿಂದಿರುಗಿತು. ಮರುವರ್ಷ ಹಲವು ಪಟ್ಟು ವೆಚ್ಚದ ಲೈಸೆನ್ಸು ಟೆಂಡರಿನ ಮೂಲಕ ನಿರಾಯಾಸವಾಗಿ ಮಂಜೂರಾಯಿತು. ಯಾರೂ ನಿಯಮ ಮೀರಿರಲಿಲ್ಲ ಎಂಬುದೇ ಇಲ್ಲಿನ ಸೋಜಿಗ. ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ ರಾಜ್ಯ 1999ರಲ್ಲಿ ಮಾಡಿದ ಕಾಯ್ದೆ ಒಳ್ಳೆಯದೇ. ಆದರೆ ಮಾರುವವನಿಲ್ಲದ ಸರಕು ಕಚೇರಿಯ ಕಣ್ಣಿಗೆ ಬೀಳುವುದಿಲ್ಲ. ಮುಕ್ತ ತಂತ್ರಾಂಶದ ಖರ್ಚೆಲ್ಲ ಮನುಷ್ಯರ ಮೇಲಿನ ಖರ್ಚು. ಹೊಸ ಹುದ್ದೆ ಪಡೆಯುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ನೂರು ಪಾಲು ದುಸ್ತರ. (ಕಳ್ಳಪ್ರತಿಯೂ ಪುಕ್ಕಟೆಯಾಗಿ ಸಿಗುವ ನಾಡಿನಲ್ಲಿ ಉಳಿತಾಯದ ಮಾತಿಗೆ ಬೆಲೆ ಇನ್ನೂ ಕಡಿಮೆ!)

ಅರ್ಥಶಾಸ್ತ್ರ ಓದಿದವರಿಗೆ 'ಬದಲಾವಣೆಯ ವೆಚ್ಚ' ಎಂಬ ಪರಿಕಲ್ಪನೆ ಗೊತ್ತು. ಕನ್ನಡದಲ್ಲಿ ಅದಕ್ಕೆ ಮನೆಯ ನಿದರ್ಶನವೇ ಇದೆ. ಯೂನಿಕೋಡ್ ಬರುವ ಮುನ್ನ ನುಡಿ, ಬರಹಗಳ ಹಳೆಯ ಸಂಕೇತದಲ್ಲಿ ಬೆರಳಚ್ಚಾದ ಸುತ್ತೋಲೆ, ಪಠ್ಯ, ಪ್ರಶ್ನೆಪತ್ರಿಕೆಗಳು ಆ ಫಾಂಟುಗಳಿಲ್ಲದ ಗಣಕದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಉತ್ಸಾಹಿ ತರುಣರು ಬರೆದು ಮುಕ್ತವಾಗಿ ಹಂಚಿದ್ದಾರೆ. ಕುಳಿತು ಪರಿವರ್ತಿಸಿ, ತಪ್ಪು ತಿದ್ದುವ ಸಿಬ್ಬಂದಿ ಬೇಕಲ್ಲ!

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ರಾಜ್ಯಗಳಿಗೆ ಅದು ಐಚ್ಛಿಕ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ 2023ರಲ್ಲಿ ಕೊಡಗು ಬೇರೆಯಾಯಿತು. ಸಂಯೋಜಿತ ಕಾಲೇಜುಗಳು ಕಡಿಮೆಯಾದಂತೆ ಶುಲ್ಕದ ಆದಾಯವೂ ಇಳಿಯುತ್ತದೆ. ಇಂಥ ವಿಶ್ವವಿದ್ಯಾಲಯಗಳು ನಾಲ್ಕೈದು ಸೇರಿ ತಂತ್ರಜ್ಞರ ಒಂದು ಚಿಕ್ಕ ತಂಡವನ್ನು ಹಂಚಿಕೊಳ್ಳಬಹುದು. ಲೈಸೆನ್ಸಿನ ಹಣವನ್ನು ಅವರ ಸಂಬಳಕ್ಕೆ ತಿರುಗಿಸಲು ಆರ್ಥಿಕ ಇಲಾಖೆ ಒಂದು ಆದೇಶ ಹೊರಡಿಸಿದರಾಯಿತು. ಅಲ್ಲಿಯವರೆಗೆ, ಪ್ರತಿ ನವೀಕರಣದ ಕಡತದಲ್ಲೂ ಮುಕ್ತ ಪರ್ಯಾಯದ ಐದು ವರ್ಷದ ವೆಚ್ಚವನ್ನು ಪಕ್ಕದಲ್ಲಿಟ್ಟು ತೋರಿಸಿ ಎಂದು ಸಿಂಡಿಕೇಟು ಕೇಳಲು ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ.