ಮಂಜಿನಲ್ಲಿ ಸಿಕ್ಕಿದ ಹಡಗು

ಸಕಲೇಶಪುರದ ಸೀಮೆಯಲ್ಲಿರುವ ನಮ್ಮ ಬೆಳಗೋಡಿನಲ್ಲಿ ಮಳೆಗಾಲದ ಸಂಜೆಯೆಂಬುದು ಬಲು ದೀರ್ಘವಾದುದು. ಅಂತಹ ಸಂಜೆಗಳಲ್ಲಿ ನೆರೆಮನೆಗಳ ನಾಲ್ಕಾರು ಮಕ್ಕಳು ನಮ್ಮ ಜಗಲಿಯಲ್ಲಿ ಬಂದು ಕೂಡುವುದು ವಾಡಿಕೆ. ಕಳೆದ ಆಷಾಢದಲ್ಲಿ ನಾವು ಅವರಿಗೆ ಅರ್ನೆಸ್ಟ್ ಶ್ಯಾಕಲ್‌ಟನ್ ಎಂಬ ಅನ್ವೇಷಕನ ವೃತ್ತಾಂತವನ್ನು ಹೇಳತೊಡಗಿ, 1915ನೆಯ ಇಸವಿಯ ಜನವರಿಯಲ್ಲಿ ಆತನ ಹಡಗು ದಕ್ಷಿಣ ಧ್ರುವಖಂಡದ ಬಳಿಯ ವೆಡೆಲ್ ಸಮುದ್ರದಲ್ಲಿ ಹಿಮದೊಳಗೆ, ಎಂದರೆ ಮಂಜಿನೊಳಗೆ, ಸಿಕ್ಕಿಕೊಂಡಿತೆಂದೆವು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹೊರಗಿನ ಬಿಳಿಯ ಮಬ್ಬನ್ನೊಮ್ಮೆ ನೋಡಿ, “ಮೇಷ್ಟ್ರೇ, ಮಂಜಲ್ಲಿ ಹಡಗು ಹೇಗೆ ಸಿಕ್ಕಿಕೊಳ್ಳುತ್ತೆ? ನಮ್ಮೂರ ಮಂಜಲ್ಲಿ ಬಸ್ಸೇ ಬರುತ್ತಲ್ಲ?” ಎಂದಳು.

ನಮಗೆ ಒಡನೆ ಉತ್ತರ ತೋರಲಿಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ‘ಹಿಮ ಎಂದರೆ ಮಂಜು’ ಎಂದು ಹಲಗೆಯ ಮೇಲೆ ಬರೆದು, ಹುಡುಗರಿಂದ ಹತ್ತು ಸಲ ಹೇಳಿಸಿ, ತಪ್ಪಿದವರನ್ನು ನಿಲ್ಲಿಸಿದವರು ನಾವೇ. ಅಮರಕೋಶದಲ್ಲಿ ಹಿಮಕ್ಕೆ ಏಳು ಹೆಸರುಗಳುಂಟು; ತುಹಿನ, ತುಷಾರ, ನೀಹಾರ, ಪ್ರಾಲೇಯ ಮುಂತಾದ ಅವೆಲ್ಲವನ್ನೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೆವು. ಆದರೆ ಅವುಗಳಲ್ಲಿ ಯಾವುದು ಹುಲ್ಲಿನ ಮೇಲಿನ ಹನಿ, ಯಾವುದು ದಾರಿಯನ್ನು ಮುಚ್ಚುವ ಮಬ್ಬು, ಯಾವುದು ಹಡಗನ್ನು ಹಿಡಿದು ಹಿಂಡುವ ಬಂಡೆ ಎಂಬುದನ್ನು ಆ ಪಟ್ಟಿಯಿಂದ ಯಾರೂ ತಿಳಿಯಲಾರರು. ನಮ್ಮ ಮಲೆನಾಡಿನ ಮಗುವಿಗೆ ಮಂಜು ಎಂಬುದು ಪುಸ್ತಕದ ಮಾತಲ್ಲ. ಸಕಲೇಶಪುರದ ಬಳಿ 1792ರಲ್ಲಿ ಕಟ್ಟಿ ಮುಗಿದ ಎಂಟು ಮೂಲೆಯ ಕೋಟೆಯನ್ನು ಟಿಪ್ಪೂ ಸುಲ್ತಾನನು ನೋಡಲು ಬಂದಾಗ ಅದು ಮಂಜಿನಲ್ಲಿ ಮುಚ್ಚಿಹೋಗಿತ್ತೆಂದೂ, ಅದರಿಂದಲೇ ಮಂಜರಾಬಾದ್ ಎಂಬ ಹೆಸರು ಬಂದಿತೆಂದೂ ಇಲ್ಲಿಯ ಜನರು ಹೇಳುವುದುಂಟು. ಇಂತಹ ಊರಿನ ಮಗುವಿನ ಮುಂದೆ ಹಡಗು ಮಂಜಿನಲ್ಲಿ ನಾಟಿಕೊಂಡಿತೆಂದರೆ ನಂಬುವುದೆಂತು?

ಆಗ ಮಕ್ಕಳನ್ನೇ ಕೇಳಿದೆವು: ನೀರು ಕಲ್ಲಿನಂತೆ ಗಟ್ಟಿಯಾದುದನ್ನು ನೀವು ಕಂಡಿರುವಿರೋ? “ಆಲಿಕಲ್ಲು!” ಎಂದು ನಾಲ್ಕು ಬಾಯಿಗಳಿಂದ ಒಮ್ಮೆಗೇ ಬಂದಿತು. ಬೇಸಗೆಯ ಕೊನೆಯ ಮಳೆಯಲ್ಲಿ ಆಲಿಕಲ್ಲನ್ನು ಆಯ್ದು ಬಾಯಿಗೆ ಹಾಕಿಕೊಳ್ಳದ ಮಗು ಈ ಕಡೆಯಲ್ಲಿಲ್ಲ. ಅಂತಹ ಕಲ್ಲು ಕಣ್ಣಿಗೆ ಕಾಣುವಷ್ಟು ದೂರವೂ ಹಾಸಿದೆಯೆಂದು ಭಾವಿಸಿರಿ, ಅದೇ ನೀರ್ಗಲ್ಲು ಎಂದೆವು. ಆ ಕ್ಷಣದಲ್ಲಿಯೇ ನಮಗೆ ‘ಹಿಮಾನೀ’ ಎಂಬ ಶಬ್ದವು ನೆನಪಾಯಿತು. ಅರಣ್ಯವು ಬಲು ದೊಡ್ಡದಾದರೆ ಅರಣ್ಯಾನೀ, ಹಿಮದ ಮಹಾರಾಶಿಯಾದರೆ ಹಿಮಾನೀ ಎಂದು ವೈಯಾಕರಣರು ಹೇಳಿರುವರಷ್ಟೆ. ಕಂಠಪಾಠವನ್ನು ನಾವು ನಿಂದಿಸುವವರಲ್ಲ. ಅದಿಲ್ಲದಿದ್ದರೆ ಈ ಶಬ್ದವು ಬೇಕಾದ ಹೊತ್ತಿಗೆ ಕೈಗೆ ಸಿಕ್ಕುತ್ತಿರಲಿಲ್ಲ. ಆದರೆ ಐವತ್ತು ವರ್ಷ ನಮ್ಮ ನಾಲಗೆಯ ಮೇಲಿದ್ದ ಹಿಮಾನಿಯ ಅರ್ಥವು ನಮಗೇ ಮನದಟ್ಟಾದುದು ಆ ಸಂಜೆಯಲ್ಲಿ.

ಕಥೆಯು ಮುಂದುವರಿಯಿತು. ಹಡಗಿನ ಹೆಸರು ‘ಎಂಡ್ಯೂರೆನ್ಸ್’. ಅದನ್ನು ‘ಸಹನೆ’ ಎಂದು ಹೇಳಬಹುದು. ನಾವು ‘ತಿತಿಕ್ಷೆ’ ಎಂದೆವು. ಇದರ ಧಾತುವಿಗೆ ಮಸೆಯುವುದು, ಹರಿತಗೊಳಿಸುವುದು ಎಂಬ ಅರ್ಥವಿದೆ; ಶೀತೋಷ್ಣಗಳನ್ನು ಗೊಣಗದೆ ತಡೆದುಕೊಳ್ಳುವವನ ಮನಸ್ಸು ಮಸೆದ ಕತ್ತಿಯಂತಾಗುವುದೆಂದು ನಾವು ವಿವರಿಸುತ್ತಿರಲು, ಹುಡುಗನೊಬ್ಬನು “ಅಂದರೆ ತಾಳ್ಮೆ” ಎಂದು ಮುಗಿಸಿಬಿಟ್ಟನು. ನಮ್ಮ ವ್ಯಾಖ್ಯಾನವು ಅಲ್ಲಿಗೆ ನಿಂತಿತು.

ಹಿಮಾನಿಯು ಹತ್ತು ತಿಂಗಳ ಕಾಲ ಆ ಹಡಗನ್ನು ಹಿಡಿದುಕೊಂಡೇ ತೇಲಿತು. ಅಕ್ಟೋಬರಿನಲ್ಲಿ ಹಲಗೆಗಳು ಬಿರಿಯಲಾರಂಭಿಸಲು 28 ಮಂದಿಯೂ ನೀರ್ಗಲ್ಲಿನ ಮೇಲಿಳಿದು ಡೇರೆ ಹಾಕಿದರು. 1915ರ ನವೆಂಬರ್ 21ರಂದು ಹಡಗು ಮುಳುಗಿಹೋಯಿತು. ಮರುವರ್ಷ ಏಪ್ರಿಲಿನಲ್ಲಿ ಕಾಲ ಕೆಳಗಿನ ಗಡ್ಡೆಯು ಒಡೆಯಲು, ಮೂರು ದೋಣಿಗಳನ್ನೇರಿ ಎಲಿಫೆಂಟ್ ದ್ವೀಪವನ್ನು ಸೇರಿದರು. ಅಲ್ಲಿಂದ ಶ್ಯಾಕಲ್‌ಟನ್ನನು ಐವರೊಡನೆ ಏಳು ಮೀಟರಿನಷ್ಟು ಉದ್ದದ ಒಂದು ದೋಣಿಯಲ್ಲಿ ಹೊರಟು, ಸುಮಾರು 1300 ಕಿಲೋಮೀಟರು ಕಡಲನ್ನು ದಾಟಿ ದಕ್ಷಿಣ ಜಾರ್ಜಿಯಾ ದ್ವೀಪವನ್ನು ಮುಟ್ಟಿದನು. ಮುಟ್ಟಿದುದಾದರೋ ಜನವಿಲ್ಲದ ದಡ! ಇಬ್ಬರನ್ನು ಮಾತ್ರ ಜೊತೆಗೆ ಕರೆದುಕೊಂಡು, ನಕ್ಷೆಯಿಲ್ಲದ ಹಿಮಪರ್ವತಗಳನ್ನು 36 ಗಂಟೆಗಳಲ್ಲಿ ದಾಟಿ, ತಿಮಿಂಗಿಲ ಹಿಡಿಯುವವರ ಠಾಣೆಯನ್ನು ತಲುಪಿದನು.

ಇತ್ತ ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಮಂದಿಯು ಎರಡು ದೋಣಿಗಳನ್ನು ಮಗುಚಿ ಹಾಕಿ, ಅವುಗಳ ಕೆಳಗೆ ನಾಲ್ಕು ತಿಂಗಳಿಗೂ ಮೇಲೆ ಕಾದರು. ಅವರ ಮುಖಂಡನಾದ ಫ್ರ್ಯಾಂಕ್ ವೈಲ್ಡನು, ಯಜಮಾನರು ಇಂದೇ ಬಂದಾರು, ಗಂಟು ಕಟ್ಟಿರಿ ಎಂದು ಆಗಾಗ ಅವರನ್ನು ಎಬ್ಬಿಸುತ್ತಿದ್ದನಂತೆ. ಬ್ಲ್ಯಾಕ್‌ಬರೋ ಎಂಬ ಎಳೆಯನು, ಹಡಗಿನಲ್ಲಿ ಕದ್ದು ಅಡಗಿ ಬಂದವನು, ಕಾಲ್ಬೆರಳುಗಳನ್ನು ಚಳಿಗೆ ಕಳೆದುಕೊಂಡನು. ಆ ಮಗುಚಿದ ದೋಣಿಯಡಿಯಲ್ಲಿಯೇ ವೈದ್ಯರು ಅವುಗಳನ್ನು ಕತ್ತರಿಸಬೇಕಾಯಿತು. ಇಲ್ಲಿ ಮಕ್ಕಳು ತಮ್ಮ ಬೆರಳುಗಳನ್ನು ಮುಟ್ಟಿ ನೋಡಿಕೊಂಡರು. ಮೊದಲು ಜೋಮು ಹಿಡಿಯುವುದು, ಆಮೇಲೆ ಮರಗಟ್ಟುವುದು, ಆಮೇಲೆ ಸತ್ತೇಹೋಗುವುದು ಎಂದು ಅವರೇ ಕ್ರಮವಾಗಿ ಹೇಳಿದರು. ಮರಗಟ್ಟುವುದು! ಮೈಯೇ ಮರವಾಗುವುದೆಂಬ ಈ ಶಬ್ದಕ್ಕೆ ಸಮನಾದುದನ್ನು ನಮ್ಮ ಸಂಸ್ಕೃತಭಂಡಾರದಲ್ಲಿ ಹುಡುಕಿ ಸೋತೆವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಮೂರು ಸಲ ವಿಫಲನಾಗಿ, ನಾಲ್ಕನೆಯ ಪ್ರಯತ್ನದಲ್ಲಿ, 1916ರ ಆಗಸ್ಟ್ 30ರಂದು ಚಿಲಿ ದೇಶದ ಸಣ್ಣ ಹಡಗೊಂದರಲ್ಲಿ ಶ್ಯಾಕಲ್‌ಟನ್ನನು ಮರಳಿ ಬಂದನು. ಇಪ್ಪತ್ತೆರಡು ಮಂದಿಯೂ ಜೀವಂತರಾಗಿದ್ದರು. ‘ಪಾರಾದರು’ ಎಂದು ಮಕ್ಕಳು ಉಸಿರು ಬಿಟ್ಟರು. ಪಾರವೆಂದರೆ ಆಚೆಯ ದಡ ಎಂದು ಆಗ ತಿಳಿಸಿದೆವು, ತಿಳಿಸಬೇಕಾಗಿಯೂ ಇರಲಿಲ್ಲ.

‘ಸಾಹಸ’ ಎಂಬುದರ ವಿಷಯವಾಗಿ ಮಾತ್ರ ಸ್ವಲ್ಪ ವಾಗ್ವಾದವಾಯಿತು. ಕನ್ನಡದಲ್ಲಿ ಇದು ಹೊಗಳಿಕೆಯ ಮಾತು. ಧರ್ಮಶಾಸ್ತ್ರಗಳಲ್ಲಾದರೋ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ. ಇದೇ ಶ್ಯಾಕಲ್‌ಟನ್ನನು 1909ರ ಜನವರಿ 9ರಂದು ದಕ್ಷಿಣ ಧ್ರುವಕ್ಕೆ ಸುಮಾರು 180 ಕಿಲೋಮೀಟರುಗಳಷ್ಟೇ ಉಳಿದಿರುವಾಗ, ಮುಂದೆ ಹೋದರೆ ಹಿಂದಿರುಗುವಷ್ಟು ಆಹಾರವಿಲ್ಲವೆಂದು ಕಂಡು, ಬೆನ್ನು ತಿರುಗಿಸಿದನು. ಮುಂದೆ ಹೋಗಿದ್ದರೆ ಸಾಹಸ, ಹಿಂದಿರುಗಿದುದು ಏನು? ‘ಹೆದರಿಕೆ’ ಎಂದನೊಬ್ಬ. ‘ಬುದ್ಧಿ’ ಎಂದಳು ಆ ಹುಡುಗಿ. ‘ವಿವೇಕ’ ಎಂಬ ಶಬ್ದವು ಅವರಿಗೆ ಬೇಕಾಗಿದ್ದುದು ಆಗ, ಕೊಟ್ಟೆವು. ಶಬ್ದದ ಹಸಿವು ಹುಟ್ಟುವ ಮುಂಚೆ ಅದನ್ನು ಬಡಿಸಿದರೆ ಎಲೆಯಲ್ಲಿಯೇ ಉಳಿಯುವುದು.

ಕಥೆಯು ನಿಜವಾದುದೇ ಆಗಿರಬೇಕೆ, ಕಟ್ಟುಕಥೆಯಾದರೆ ಸಾಲದೆ ಎಂದು ವಾಚಕರು ಕೇಳಬಹುದು. ನೆರೆಯ ಮೂಡಿಗೆರೆಯಲ್ಲಿದ್ದು ಬರೆದ ಪೂರ್ಣಚಂದ್ರ ತೇಜಸ್ವಿಯವರು ಅನ್ವೇಷಣೆಯ ವೃತ್ತಾಂತಗಳನ್ನು ಕನ್ನಡದ ಮನೆಮನೆಗೆ ತಂದರು. ಅವರ ‘ಮಹಾಪಲಾಯನ’ವು ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಕಾಲ್ನಡಿಗೆಯಲ್ಲಿ ಭಾರತಕ್ಕೆ ಬಂದೆನೆಂದು ಹೇಳಿಕೊಂಡ ಪೋಲೆಂಡಿನ ರಾವಿಚ್ ಎಂಬುವನ ಪುಸ್ತಕದ ಕನ್ನಡ ರೂಪ. ಹೇಡಿಗಳಿಗೆ ಮೀಸಲಾಗಿದ್ದ ‘ಪಲಾಯನ’ವೆಂಬ ಶಬ್ದಕ್ಕೆ ಆ ಹೆಸರಿನಿಂದ ಎಂತಹ ಗೌರವವು ಬಂದಿತು! ಆದರೆ ರಾವಿಚನನ್ನು 1942ರಲ್ಲಿ ಬಿಡುಗಡೆ ಮಾಡಲಾಗಿತ್ತೆಂಬ ಸೋವಿಯತ್ ದಾಖಲೆಗಳು 2006ರಲ್ಲಿ ಬೆಳಕಿಗೆ ಬಂದವು. ಇದನ್ನು ಮಕ್ಕಳಿಗೆ ಹೇಳುವುದೋ ಬಿಡುವುದೋ ಎಂದು ನಾವು ಎರಡು ದಿನ ಯೋಚಿಸಿ, ಕೊನೆಗೆ ಹೇಳಿದೆವು. ಅವರ ಮುಖಗಳು ಬಾಡಿದುದನ್ನು ನೋಡಿ ವ್ಯಸನವಾಯಿತು. ಆದರೂ ‘ನಿಜವಾಗಿ ನಡೆಯಿತೇ?’ ಎಂದು ಕೇಳುವ ಮಗುವಿಗೆ ಹುಸಿಯ ಉತ್ತರವನ್ನು ಕೊಡುವವನು ಅದಕ್ಕೆ ಕಲಿಸಿದ ಶಬ್ದಗಳನ್ನೂ ಹುಸಿ ಮಾಡಿದಂತೆಯೇ. ಶ್ಯಾಕಲ್‌ಟನ್ನನ ಕಥೆಯಲ್ಲಿಯೂ ಹಾಗೆಯೇ: ಧ್ರುವಖಂಡದ ಇನ್ನೊಂದು ಮಗ್ಗುಲಿನಲ್ಲಿ ಅವನಿಗಾಗಿ ಆಹಾರವನ್ನು ಇಡಲು ಹೋದ ತಂಡದಲ್ಲಿ ಮೂವರು ಸತ್ತರೆಂಬುದನ್ನು ನಾವು ಮರೆಸಲಿಲ್ಲ. ಮುಳುಗಿದ ಹಡಗು 2022ರ ಮಾರ್ಚಿಯಲ್ಲಿ 3008 ಮೀಟರು ಆಳದಲ್ಲಿ ಸಿಕ್ಕಿತೆಂದಾಗ, ಹಿಂಭಾಗದಲ್ಲಿ ಅದರ ಹೆಸರು ಇನ್ನೂ ಓದಲು ಬರುವಂತಿದೆಯೆಂದಾಗ, ಮಕ್ಕಳು ಚಪ್ಪಾಳೆಯಿಕ್ಕಿದರು.

ಮನೆಯಲ್ಲಿ ಹೀಗೆ ಓದಿಸಬಯಸುವ ತಾಯಿತಂದೆಗಳು ಒಂದು ಸಂಜೆಗೆ ಎರಡು ಮೂರು ಹೊಸ ಶಬ್ದಗಳಿಗಿಂತ ಹೆಚ್ಚಿಗೆ ಆಸೆಪಡಬಾರದು. ಅರ್ಥವನ್ನು ಹೇಳುವ ಮುಂಚೆ, ಇದಕ್ಕೆ ನಿಮ್ಮಲ್ಲಿ ಏನೆನ್ನುವಿರೆಂದು ಮಕ್ಕಳನ್ನು ಕೇಳಬೇಕು. ಅಜ್ಜಿಯು ಹತ್ತಿರದಲ್ಲಿದ್ದರೆ ಆಕೆಯನ್ನೂ. ಭೂಪಟವೊಂದಿರಲಿ. ಮರುದಿನ ಪರೀಕ್ಷೆ ಮಾಡುವ ಚಪಲವನ್ನು ಅಡಗಿಸಿಕೊಳ್ಳಬೇಕು. ನಮಗೇ ಇದು ಎಲ್ಲಕ್ಕಿಂತ ಕಠಿನವಾಗಿದೆ.

ಈಗ ತೇಜಸ್ವಿಯವರೇ ಬರೆದಿರುವ ನೈಲ್ ನದಿಯ ಮೂಲವನ್ನು ಹುಡುಕಿದವರ ಕಥೆಯು ನಡೆಯುತ್ತಿದೆ. ‘ಉಗಮ’ ಎಂಬ ಶಬ್ದವು ಬಂದಿದೆ. ನಮ್ಮ ಹೇಮಾವತಿಯ ಉಗಮವೆಲ್ಲಿ ಎಂದು ಆ ಹುಡುಗಿ ಕೇಳಲು, ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರವೆಂದೆವು. “ನೀವು ನೋಡಿದೀರಾ ಮೇಷ್ಟ್ರೇ?” ಎಂದಳು. ನೋಡಿಲ್ಲ. ಮಳೆ ಬಿಟ್ಟ ಮೇಲೆ ಎಲ್ಲರೂ ಕೂಡಿ ಹೋಗುವುದೆಂದು ನಿಶ್ಚಯವಾಗಿದೆ.