ನಮ್ಮ ತೆರಿಗೆಯ ಚಿತ್ರಶಾಲೆ

ಊರಿನಿಂದ ನೆಂಟರು ಬಂದಾಗ ಡೆಟ್ರಾಯ್ಟ್ ಸುತ್ತಲಿನ ಕನ್ನಡಿಗರ ಮನೆಗಳಲ್ಲಿ ನಡೆಯುವ ಕಾರ್ಯಕ್ರಮ ಹೆಚ್ಚು ಕಡಿಮೆ ಒಂದೇ. ಮೊದಲ ಶನಿವಾರ ದೇವಸ್ಥಾನ, ಎರಡನೆಯದು ಹೆನ್ರಿ ಫೋರ್ಡ್ ಮ್ಯೂಸಿಯಂ, ಮೂರು ದಿನ ರಜ ಒಟ್ಟಿಗೆ ಸಿಕ್ಕರೆ ನಯಾಗರ. ಅಲ್ಲಿಗೆ ಪಟ್ಟಿ ಮುಗಿಯಿತು. ಆಮೇಲೆ ತಂದೆತಾಯಿಗಳು ಕಿಟಕಿಯ ಬಳಿ ಕುಳಿತು, ಹಿಮ ಬೀಳುವುದನ್ನು ನೋಡುತ್ತ, ಊರಿಗೆ ಹಿಂದಿರುಗುವ ದಿನವನ್ನು ಎಣಿಸುತ್ತಾರೆ. ಮಕ್ಕಳೋ ಸರಿ, ಭಾನುವಾರ ಬಂತೆಂದರೆ "ಬೇಜಾರು" ಎಂಬ ಒಂದೇ ರಾಗ. ಈ ಎರಡು ತಲೆಮಾರಿಗೂ ಒಟ್ಟಿಗೆ ಹೊಂದುವ, ಜೇಬಿಗೂ ಭಾರವಲ್ಲದ ಒಂದು ಜಾಗ ವುಡ್‌ವರ್ಡ್ ಅವೆನ್ಯೂ ಮೇಲೆಯೇ ಇದೆ. ಅದೇ ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್, ಎಲ್ಲರೂ ಕರೆಯುವಂತೆ ಡಿ.ಐ.ಎ.

1885ರಲ್ಲಿ ಹುಟ್ಟಿದ ಈ ಸಂಸ್ಥೆ ಈಗಿರುವ ಬಿಳಿ ಅಮೃತಶಿಲೆಯ ಕಟ್ಟಡಕ್ಕೆ ಬಂದದ್ದು 1927ರಲ್ಲಿ. ನೂರಕ್ಕೂ ಹೆಚ್ಚು ಕೋಣೆಗಳು, 65,000ಕ್ಕೂ ಮೀರಿದ ಕಲಾಕೃತಿಗಳು. ವ್ಯಾನ್ ಗೋ ಬರೆದ ಒಂದು ಸ್ವಂತ ಭಾವಚಿತ್ರವನ್ನು 1922ರಲ್ಲಿಯೇ ಕೊಂಡ ಹೆಗ್ಗಳಿಕೆ ಇದರದು. ಅಮೆರಿಕದ ಸಾರ್ವಜನಿಕ ಮ್ಯೂಸಿಯಮ್ಮೊಂದಕ್ಕೆ ಬಂದ ಮೊಟ್ಟಮೊದಲ ವ್ಯಾನ್ ಗೋ ಚಿತ್ರ ಅದು. "ಸರಿ ಸ್ವಾಮಿ, ನಮಗೂ ಅದಕ್ಕೂ ಏನು ಸಂಬಂಧ?" ಎಂದು ನಮ್ಮ ಓದುಗರು ಕೇಳಬಹುದು. ಸಂಬಂಧ ಇದೆ. ನಮ್ಮ ಮನೆಯ ತೆರಿಗೆ ರಸೀತಿಯಲ್ಲಿಯೇ ಇದೆ.

ಟಿಕೆಟ್ಟಿಲ್ಲದ ಪ್ರವೇಶ

2012ರ ಆಗಸ್ಟ್‌ನಲ್ಲಿ ವೇನ್, ಓಕ್‌ಲ್ಯಾಂಡ್, ಮೆಕೋಂಬ್ ಈ ಮೂರು ಕೌಂಟಿಗಳ ಮತದಾರರು ಈ ಮ್ಯೂಸಿಯಮ್ಮಿಗಾಗಿ 10 ವರ್ಷಗಳ ಒಂದು ಸಣ್ಣ ಆಸ್ತಿ ತೆರಿಗೆಯನ್ನು ಒಪ್ಪಿಕೊಂಡರು. ಒಂದೂವರೆ ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ ಸುಮಾರು 15 ಡಾಲರ್. ಅದಕ್ಕೆ ಪ್ರತಿಯಾಗಿ ಈ ಮೂರು ಕೌಂಟಿಗಳಲ್ಲಿ ವಾಸಿಸುವ ಎಲ್ಲರಿಗೂ ಎಷ್ಟು ಸಲ ಹೋದರೂ ಸಾಮಾನ್ಯ ಪ್ರವೇಶ ಉಚಿತ, ಶಾಲೆಯ ಮಕ್ಕಳ ಭೇಟಿಗೆ ಬಸ್ಸಿನ ಅನುಕೂಲ, ಹಿರಿಯರ ಗುಂಪುಗಳಿಗೆ ಪ್ರತ್ಯೇಕ ಕಾರ್ಯಕ್ರಮಗಳು. 2020ರ ಮಾರ್ಚ್‌ನಲ್ಲಿ ಇದನ್ನು ಇನ್ನೂ 10 ವರ್ಷ ಮುಂದುವರಿಸಲು ಜನ ಮತ್ತೆ ಒಪ್ಪಿಗೆ ಕೊಟ್ಟರು.

ಎಂದರೆ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ಮನೆ ಮಾಡಿರುವ ನಾವು ಹೋದರೂ ಹೋಗದಿದ್ದರೂ ಹಣವನ್ನಂತೂ ಕೊಟ್ಟಾಗಿದೆ. ಮದುವೆಗೆ ಮುಯ್ಯಿ ಮಾಡಿ ಊಟ ಮಾಡದೆ ಎದ್ದು ಬಂದಂತಾಯಿತು ನಮ್ಮ ಪರಿಸ್ಥಿತಿ! ಆದರೆ ಒಂದು ಮಾತು: ಆನ್ ಆರ್ಬರ್ ಇರುವುದು ವಾಷ್ಟೆನಾ ಕೌಂಟಿಯಲ್ಲಿ. ಆ ಕಡೆಯ ಸದಸ್ಯರು ಟಿಕೆಟ್ ಕೊಳ್ಳಬೇಕಾಗುತ್ತದೆ. ವಿಳಾಸವಿರುವ ಗುರುತಿನ ಚೀಟಿಯನ್ನು ಎಲ್ಲರೂ ಜೊತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹರಾಜಿನ ಅಂಚಿನಿಂದ

ಈ ಮ್ಯೂಸಿಯಂ ಇಂದು ಉಳಿದಿರುವುದೇ ಒಂದು ದೊಡ್ಡ ಕಥೆ. 2013ರ ಜುಲೈನಲ್ಲಿ ಡೆಟ್ರಾಯ್ಟ್ ನಗರ ದಿವಾಳಿ ಎಂದು ಕೋರ್ಟಿಗೆ ಹೋಯಿತು. ಸಾಲ ಸುಮಾರು 1,800 ಕೋಟಿ ಡಾಲರ್. ಆಗ ಮ್ಯೂಸಿಯಂ ನಗರದ ಆಸ್ತಿ. ಸಾಲಗಾರನ ಮನೆಯಲ್ಲಿ ಬೆಳ್ಳಿ ಬಂಗಾರವಿದ್ದರೆ ಸಾಲ ಕೊಟ್ಟವರು ಸುಮ್ಮನಿರುತ್ತಾರೆಯೇ? ಚಿತ್ರಗಳನ್ನು ಮಾರಿ ಎಂದರು. ಕ್ರಿಸ್ಟೀಸ್ ಹರಾಜು ಸಂಸ್ಥೆಯವರು ಬಂದು, ನಗರದ ಹಣದಿಂದ ಕೊಂಡ ಕೃತಿಗಳಿಗೆ 45 ಕೋಟಿ 40 ಲಕ್ಷದಿಂದ 86 ಕೋಟಿ 70 ಲಕ್ಷ ಡಾಲರ್‌ವರೆಗೆ ಬೆಲೆ ಕಟ್ಟಿಹೋದರು.

ಇನ್ನೊಂದು ಕಡೆ ಜೀವಮಾನವೆಲ್ಲ ನಗರಕ್ಕೆ ದುಡಿದ ನೌಕರರ ಪಿಂಚಣಿ ಇತ್ತು. ಗೋಡೆಯ ಮೇಲಿನ ಚಿತ್ರ ಉಳಿಯಬೇಕೋ, ಮುದುಕರ ತಿಂಗಳ ಹಣ ಉಳಿಯಬೇಕೋ? ಇದಕ್ಕೆ ಸುಲಭವಾದ ಉತ್ತರವಿರಲಿಲ್ಲ. ಕೊನೆಗೆ 2014ರಲ್ಲಿ ದತ್ತಿ ಸಂಸ್ಥೆಗಳು, ಮಿಷಿಗನ್ ರಾಜ್ಯ ಸರ್ಕಾರ ಮತ್ತು ಮ್ಯೂಸಿಯಂ ಸೇರಿ 20 ವರ್ಷಗಳಲ್ಲಿ ಸುಮಾರು 81 ಕೋಟಿ 60 ಲಕ್ಷ ಡಾಲರನ್ನು ಪಿಂಚಣಿ ನಿಧಿಗೆ ಕೊಡುವುದೆಂದೂ, ಮ್ಯೂಸಿಯಂ ನಗರದ ಒಡೆತನದಿಂದ ಬಿಡುಗಡೆಯಾಗಿ ಲಾಭರಹಿತ ಸಂಸ್ಥೆಗೆ ಸೇರುವುದೆಂದೂ ತೀರ್ಮಾನವಾಯಿತು. ಇಷ್ಟಾದರೂ ನಗರದ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಯಲ್ಲಿ ಶೇಕಡಾ 4.5 ಕಡಿತವಾಗಿಯೇ ಆಯಿತು. ಒಂದು ಚಿತ್ರವೂ ಮಾರಾಟವಾಗಲಿಲ್ಲ. ಆದರೆ ಅದಕ್ಕೆ ಯಾರು ಯಾರು ಬೆಲೆ ತೆತ್ತರು ಎಂಬುದನ್ನು ಮೆಟ್ಟಿಲು ಹತ್ತುವಾಗ ನಾವು ನೆನೆಯಬೇಕು.

ನೋಡಲು, ಕೇಳಲು, ಮಾಡಲು

ಮ್ಯೂಸಿಯಂ ಎಂದರೆ ಕೈಕಟ್ಟಿ ನಡೆಯುವ ಜಾಗ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಇಲ್ಲಿ ಹಾಗಲ್ಲ. ವಾರದ ಕೊನೆಯಲ್ಲಿ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾದ ಕೈಕೆಲಸದ ಶಿಬಿರಗಳಿರುತ್ತವೆ. ಕಾಗದ, ಬಣ್ಣ ಮುಂತಾದ ಸಾಮಗ್ರಿಗಳನ್ನು ಅವರೇ ಒದಗಿಸುತ್ತಾರೆ. ಒಂದು ವಾರದ ಕೆಲಸ ಇನ್ನೊಂದು ವಾರ ಇರುವುದಿಲ್ಲ. ಮಕ್ಕಳು ಮಾಡಿದ್ದನ್ನು ಮನೆಗೇ ತರಬಹುದು. ಗ್ಯಾಲರಿಗಳ ನಡುವೆಯೇ ಕುಳಿತು ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುವ ಕಾರ್ಯಕ್ರಮವೂ ಉಂಟು. ಶುಕ್ರವಾರ ಸಂಜೆಗಳಲ್ಲಿ ಸಂಗೀತ, ಬೇರೆ ದಿನಗಳಲ್ಲಿ ಉಪನ್ಯಾಸ, ಸ್ವಯಂಸೇವಕರು ಜೊತೆಯಲ್ಲಿ ನಡೆದು ವಿವರಿಸುವ ಸುತ್ತಾಟ. ಅದೇ ಕಟ್ಟಡದ ಡೆಟ್ರಾಯ್ಟ್ ಫಿಲ್ಮ್ ಥಿಯೇಟರ್ 1974ರಿಂದ ದೇಶವಿದೇಶಗಳ ಚಲನಚಿತ್ರಗಳನ್ನು ತೋರಿಸುತ್ತ ಬಂದಿದೆ. ಸಿನಿಮಾಕ್ಕೆ ಮಾತ್ರ ಬೇರೆ ಟಿಕೆಟ್. ವೇಳಾಪಟ್ಟಿ ಬದಲಾಗುತ್ತಿರುತ್ತದೆಯಾದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಮ್ಯೂಸಿಯಂ ತಾನೇ ಮನೆಬಾಗಿಲಿಗೆ ಬರುವುದೂ ಉಂಟು. 2010ರಲ್ಲಿ ಆರಂಭವಾದ ಒಂದು ಯೋಜನೆಯಲ್ಲಿ ಪ್ರಸಿದ್ಧ ಚಿತ್ರಗಳ ಪ್ರತಿಗಳಿಗೆ ಚೌಕಟ್ಟು ಹಾಕಿ ಸುತ್ತಲಿನ ಊರುಗಳ ಪಾರ್ಕುಗಳಲ್ಲಿ, ಅಂಗಡಿಬೀದಿಗಳಲ್ಲಿ ನಿಲ್ಲಿಸಿದರು.

ಎಂಜಿನಿಯರರ ಗೋಡೆ

ನಮ್ಮ ಕೂಟದ ಅರ್ಧಕ್ಕರ್ಧ ಯಜಮಾನರು ಕಾರು ಕಂಪನಿಗಳ ಎಂಜಿನಿಯರುಗಳು. "ಕಲೆ ಗಿಲೆ ನಮಗೆ ತಿಳಿಯದು" ಎನ್ನುವ ಅವರನ್ನು ನೇರವಾಗಿ ರಿವೆರಾ ಕೋರ್ಟಿಗೆ ಕರೆದೊಯ್ಯಿರಿ. ಮೆಕ್ಸಿಕೋದ ಡಿಯೆಗೊ ರಿವೆರಾ 1932-33ರಲ್ಲಿ ಈ ಅಂಗಳದ ನಾಲ್ಕೂ ಗೋಡೆಗಳ ಮೇಲೆ, ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕ್ರಮದಲ್ಲಿ, 27 ಚಿತ್ರಗಳನ್ನು ಬರೆದ. ಹಣ ಕೊಟ್ಟವನು ಎಡ್ಸೆಲ್ ಫೋರ್ಡ್. ವಿಷಯ ಫೋರ್ಡರ ರೂಜ್ ಕಾರ್ಖಾನೆ. ಉತ್ತರದ ಗೋಡೆಯಲ್ಲಿ ವಿ-8 ಎಂಜಿನ್ ತಯಾರಾಗುತ್ತಿದೆ. ದಕ್ಷಿಣದ ಗೋಡೆಯಲ್ಲಿ ಆನೆಯಂಥ ಸ್ಟ್ಯಾಂಪಿಂಗ್ ಪ್ರೆಸ್ಸು, ಕಾರಿನ ಮೈಗೂಡಿಕೆ. ಯಾವ ಯಂತ್ರ ಏನು ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ವಿವರಿಸಲು ನಮ್ಮವರಿಗಿಂತ ತಕ್ಕವರು ಬೇಕೆ? ಅಪ್ಪ ದಿನವಿಡೀ ಆಫೀಸಿನಲ್ಲಿ ಏನು ಮಾಡುತ್ತಾರೆ ಎಂದು ಅರಿಯದ ಮಗುವಿಗೆ ಅಂದು ಅದು ತಿಳಿಯುತ್ತದೆ.

ಮೂಲೆಯಲ್ಲಿ ಮಗುವಿಗೆ ಲಸಿಕೆ ಹಾಕುವ ಒಂದು ಚಿತ್ರವಿದೆ. ಮುಂದೆ ಕುದುರೆ, ದನ, ಕುರಿ. ಇದು ಏಸುವಿನ ಜನನದ ಚಿತ್ರದ ಅಣಕವೆಂದು ಆಗ ಕೆಲವರು ಸಿಟ್ಟಾದರು. ಗೋಡೆಗಳಿಗೆ ಸುಣ್ಣ ಬಳಿಯಿರಿ ಎಂಬ ಕೂಗೂ ಎದ್ದಿತು. ಎಡ್ಸೆಲ್ ಫೋರ್ಡ್ ಕಲಾವಿದನ ಪರ ನಿಂತ. 2014ರಲ್ಲಿ, ಹರಾಜಿನ ಮಾತು ಇನ್ನೂ ಕಿವಿಯಲ್ಲಿರುವಾಗಲೇ, ಈ ಚಿತ್ರಗಳಿಗೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ದೊರಕಿತು.

ಗೊಂಬೆಗಳು ಮತ್ತು ಅಜ್ಜಿಯರು

ತೊಗಲು ಗೊಂಬೆ, ಸೂತ್ರದ ಗೊಂಬೆಗಳ ನಾಡಿನಿಂದ ಬಂದವರಿಗೆ ಇನ್ನೊಂದು ಆಕರ್ಷಣೆ ಇಲ್ಲಿನ ಗೊಂಬೆಗಳ ಸಂಗ್ರಹ. ಇದರ ಮೂಲ ಡೆಟ್ರಾಯ್ಟಿನವನೇ ಆದ ಪಾಲ್ ಮೆಕ್‌ಫಾರ್ಲಿನ್ ಎಂಬ ಗೊಂಬೆಯಾಟಗಾರ. ಅಮೆರಿಕದ ಗೊಂಬೆಯಾಟಗಾರರನ್ನೆಲ್ಲ 1936ರಲ್ಲಿ ಇದೇ ಊರಿನಲ್ಲಿ ಒಂದು ಉತ್ಸವಕ್ಕೆ ಕೂಡಿಸಿದವನು ಆತ. ಟೆಲಿವಿಷನ್ನಿನ ಹೆಸರಾಂತ ಗೊಂಬೆ ಹೌಡಿ ಡೂಡಿಯೂ ಕೋರ್ಟಿನ ವ್ಯಾಜ್ಯ ತೀರಿದ ಮೇಲೆ, 2001ರಲ್ಲಿ, ಈ ಮನೆಗೇ ಸೇರಿತು. ಗೊಂಬೆಗಳು ಎಲ್ಲ ಕಾಲದಲ್ಲಿಯೂ ಪ್ರದರ್ಶನದಲ್ಲಿ ಇರುವುದಿಲ್ಲ. ಇದ್ದಾಗ ತಪ್ಪಿಸಿಕೊಳ್ಳಬೇಡಿ.

ಅಜ್ಜ ಅಜ್ಜಿಯರನ್ನು 2018ರಲ್ಲಿ ತೆರೆದ ಏಷ್ಯಾ ವಿಭಾಗಕ್ಕೆ ಕರೆದೊಯ್ಯಿರಿ. ಸಂಗ್ರಹದಲ್ಲಿ ಚೋಳರ ನಾಡಿನ, 13ನೆಯ ಶತಮಾನದ ಕಂಚಿನ ಪಾರ್ವತಿ ಇದ್ದಾಳೆ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಕಂಚು ಎರೆದು ಮಾಡುವ ಇಂಥ ವಿಗ್ರಹಗಳು ಮೆರವಣಿಗೆಗಾಗಿ ಹುಟ್ಟಿದವು. ಉತ್ಸವಮೂರ್ತಿ ಎಂದರೇನು, ಅಲಂಕಾರ ಹೇಗೆ, ಬೀದಿಯಲ್ಲಿ ದೇವರು ಬಂದಾಗ ಹಣ್ಣುಕಾಯಿ ಹೇಗೆ ಕೊಡುತ್ತಿದ್ದರು ಎಂಬುದನ್ನು ಪಕ್ಕದ ಚೀಟಿ ಎರಡು ಸಾಲಿನಲ್ಲಿ ಹೇಳಲಾರದು. ಅಜ್ಜಿ ಹೇಳಬಲ್ಲರು. ಇಂಗ್ಲಿಷ್ ಬಾರದೆಂದು ಆರು ತಿಂಗಳು ಮನೆಯಲ್ಲಿ ಮೌನವಾಗಿರುವ ಹಿರಿಯರು ಅಲ್ಲಿ ಮೊಮ್ಮಕ್ಕಳಿಗೆ ಗುರುಗಳಾಗುತ್ತಾರೆ. ಅದೂ ಕನ್ನಡದಲ್ಲಿ. ಭಾನುವಾರದ ಕನ್ನಡ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಸಿಕ್ಕೀತೆ? ಕೈಮುಗಿಯಬೇಕೆನಿಸಿದರೆ ಮುಗಿಯಲಿ, ಮುಟ್ಟದಿದ್ದರಾಯಿತು.

ಒಂದು ಸಲಹೆ

ಮುಂದಿನ ಮೂರು ತಿಂಗಳಲ್ಲಿ ಒಂದು ಭಾನುವಾರ ನಮ್ಮ ಕೂಟದ ಕುಟುಂಬಗಳು ಒಟ್ಟಾಗಿ ಅಲ್ಲಿಗೆ ಹೋಗೋಣ. ದೊಡ್ಡ ಗುಂಪಾದರೆ ಮೊದಲೇ ತಿಳಿಸಬೇಕು. ಆ ಕೆಲಸವನ್ನು ಕಾರ್ಯಕಾರಿ ಸಮಿತಿ ವಹಿಸಿಕೊಳ್ಳಲಿ. ಒಂದೇ ದಿನ ಎಲ್ಲವನ್ನೂ ನೋಡುವ ಹಟ ಬೇಡ. ಮಕ್ಕಳ ಕಾಲು ಎರಡು ಗಂಟೆಗೆ ಸೋಲುತ್ತದೆ, ಹಿರಿಯರದು ಇನ್ನೂ ಬೇಗ. ಮೂರು ಕೋಣೆ ನೋಡಿ, ಕೈಕೆಲಸಕ್ಕೆ ಒಂದು ಗಂಟೆ ಕೂತು, ಕ್ರೆಸ್ಗೆ ಕೋರ್ಟಿನಲ್ಲಿ ಕಾಫಿ ಕುಡಿದು ಬಂದರೆ ಸಾಕು. ನಮ್ಮ ಫಿಲ್ಟರ್ ಕಾಫಿಗೆ ಅದು ಸಾಟಿಯಲ್ಲ ಎಂಬ ದೂರನ್ನು ಮೊದಲೇ ಸ್ವೀಕರಿಸಿದ್ದೇವೆ.

ಪೌರತ್ವ ಪಡೆದ ಸದಸ್ಯರಿಗೆ ಇನ್ನೊಂದು ಮಾತು. ಈ ತೆರಿಗೆ ಶಾಶ್ವತವಲ್ಲ. ಅದರ ಅವಧಿ ಮುಗಿದಾಗ ಪ್ರಶ್ನೆ ಮತ್ತೆ ಮತಪತ್ರದಲ್ಲಿ ಬರಬಹುದು. ಬೇಕು ಎನ್ನುವುದೋ ಬೇಡ ಎನ್ನುವುದೋ ನಿಮ್ಮಿಷ್ಟ. ಆದರೆ ಒಳಗೆ ಕಾಲಿಟ್ಟು ನೋಡಿದವರಾಗಿ ಮತ ಹಾಕಿ. ಹಸಿರು ಚೀಟಿಯವರಿಗೆ ಮತವಿಲ್ಲ, ಬಾಗಿಲು ಮಾತ್ರ ತೆರೆದಿದೆ.

ಮಕ್ಕಳು ಅಲ್ಲಿ ಕುಳಿತು ಬರೆದ ಪೆನ್ಸಿಲ್ ಚಿತ್ರಗಳನ್ನು ಸಂಪಾದಕರಿಗೆ ಕಳಿಸಿಕೊಡಿ. ಹೆಸರು, ವಯಸ್ಸು, ಯಾವ ಕೃತಿಯನ್ನು ನೋಡಿ ಬರೆದದ್ದು ಎಂಬುದನ್ನು ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಅವರಿಗಾಗಿ ಬಿಟ್ಟಿರುತ್ತೇವೆ.